ನನ್ನ ತಮ್ಮನಿಗೆ ಯಾಕೆ ಊಳಿಡುತ್ತಾರೆ

ಮಳವಳ್ಳಿಯಿಂದ ಮದ್ದೂರಿಗೆ ಹೊರಟ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನ ಇಬ್ಬರು ಗಂಡಸರು ನನ್ನ ತಮ್ಮನನ್ನು ಬೈಯುತ್ತಿದ್ದರು. ಹೆಸರು ಹೇಳುವ ಅಗತ್ಯವೇ ಅವರಿಗೆ ಇರಲಿಲ್ಲ. ‘ಆ ಕೊಪ್ಪದ ಕಡೆಯವ್ನು’ ಅಂದರೆ ಸಾಕು, ನಮ್ಮ ಕಡೆ ಎತ್ತಿನ ಗಾಡಿ ಓಟ ನೋಡುವವರಿಗೆಲ್ಲ ಯಾರು ಅಂತ ಗೊತ್ತಾಗುತ್ತದೆ.

‘ಅವ್ನು ಬಂದ ಅಂದ್ರೆ ಓಟ ನೋಡಕ್ಕೇ ಬೇಜಾರು ಕಣ್ಲಾ. ಗೆಲ್ಲೋದು ಅವ್ನೇ ಅಂತ ಮೊದ್ಲೇ ಗೊತ್ತಿದ್ಮೇಲೆ ನಾವ್ಯಾಕೆ ಬಿಸ್ಲಲ್ಲಿ ನಿಂತ್ಕಬೇಕು?’

‘ಎತ್ಗೆ ಏನೋ ಸೂಜಿ ಚುಚ್ತಾನಂತೆ.’

‘ಸೂಜಿ ಅಲ್ಲ ಕಣ್ಲಾ, ಮಾಟ. ನೊಗದ ಕೆಳೀಕೆ ನಿಂಬೆಹಣ್ಣು ಕಟ್ಟಿರ್ತಾನೆ. ನಮ್ಮ ಬಾಮೈದ ಕಣ್ಣಾರೆ ನೋಡವ್ನೆ.’

ನಿಂಬೆಹಣ್ಣು ಕಟ್ಟುವವಳು ನಮ್ಮ ಅವ್ವ. ಎತ್ತುಗಳಿಗೆ ದೃಷ್ಟಿ ತಾಕದಿರಲಿ ಅಂತ ಪ್ರತಿ ಓಟದ ಬೆಳಿಗ್ಗೆ ಕಟ್ಟುತ್ತಾಳೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು, ಕಿವಿಗೆ ಬಿದ್ದ ತಪ್ಪನ್ನು ತಿದ್ದದೆ ಬಿಡುವ ಅಭ್ಯಾಸವಿಲ್ಲ. ಮುಂದಕ್ಕೆ ಬಗ್ಗಿ, ‘ಸೂಜೀನೋ ಮಾಟಾನೋ ಒಂದು ತೀರ್ಮಾನ ಮಾಡ್ಕೊಳಿ ಅಣ್ಣಾ. ಎರಡೂ ಮಾಡೋಕೆ ಅವನಿಗೆ ಪುರುಸೊತ್ತೆಲ್ಲಿದೆ?’ ಅಂದೆ.

‘ನಿಮ್ಗೆ ಅವ್ನು ಗೊತ್ತಾ ಮೇಡಮ್ಮು?’

‘ನನ್ನ ತಮ್ಮ.’

ಮದ್ದೂರು ಬರುವ ತನಕ ಇಬ್ಬರೂ ಕಿಟಕಿಯಾಚೆಯ ಕಬ್ಬಿನ ಗದ್ದೆಯನ್ನು ಬಹಳ ಆಸಕ್ತಿಯಿಂದ ನೋಡಿದರು. ಇಳಿಯುವಾಗ ಅವರಲ್ಲೊಬ್ಬ ನನ್ನ ಬ್ಯಾಗು ತೆಗೆದುಕೊಟ್ಟ. ಕೆಟ್ಟ ಜನರೇನಲ್ಲ. ಅದೇ ನನ್ನ ಸಮಸ್ಯೆಯಾಗಿತ್ತು. ಕೆಟ್ಟವರು ಬೈದರೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಬ್ಯಾಗು ಇಳಿಸಿಕೊಡುವಂಥವರು ನನ್ನ ತಮ್ಮನ ಮೇಲೆ ಯಾಕೆ ಇಷ್ಟು ಉರಿದುಬೀಳುತ್ತಾರೆ ಅಂತ ನಾನು ವರ್ಷಗಟ್ಟಲೆ ಯೋಚಿಸಿದ್ದೇನೆ.

ಓಟ ನೋಡದವರಿಗೆ ಒಂದೆರಡು ಮಾತು ಹೇಳಬೇಕು. ಭತ್ತ ಕೊಯ್ದ ಮೇಲೆ ಬಯಲಿನಲ್ಲಿ ಉದ್ದಕ್ಕೆ ಎರಡು ಟ್ರ್ಯಾಕು ಮಾಡುತ್ತಾರೆ. ಒಂದು ಸಲಕ್ಕೆ ಎರಡು ಜೋಡಿ ಎತ್ತು. ಗಾಡಿ ಅಂದರೆ ಗೊಬ್ಬರ ಹೊಡೆಯುವ ಗಾಡಿಯಲ್ಲ. ಎರಡು ಚಕ್ರ, ನಾಲ್ಕು ಮರದ ತುಂಡು, ಅದರ ಮೇಲೆ ಕಾಲೂರಿ ನಿಂತ ಒಬ್ಬ ಮನುಷ್ಯ, ಅಷ್ಟೆ. ಮೊದಲು ಬಾವುಟ ದಾಟಿದವನು ಉಳಿಯುತ್ತಾನೆ, ಇನ್ನೊಬ್ಬ ಮನೆಗೆ. ಹೀಗೆ ಸೋಸಿ ಸೋಸಿ ಸಾಯಂಕಾಲದ ಹೊತ್ತಿಗೆ ಎರಡೇ ಜೋಡಿ ಉಳಿಯುತ್ತವೆ. ಚಾಟಿ, ಕೋಲು ಈಗ ಹಿಡಿಯುವಂತಿಲ್ಲ. ಹಾಗಾಗಿ ಎಲ್ಲರೂ ಗಂಟಲಿನಲ್ಲೇ ಗಾಡಿ ಓಡಿಸುತ್ತಾರೆ. ಓಡಿಸುವವನೂ ಕಿರುಚುತ್ತಾನೆ, ಅವನ ಊರಿನವರೂ ಕಿರುಚುತ್ತಾರೆ, ಮೈಕಿನವನಂತೂ ಮೈಕಿಲ್ಲದಿದ್ದರೂ ಕೇಳಿಸುವ ಹಾಗೆ ಕಿರುಚುತ್ತಾನೆ.

ನನ್ನ ತಮ್ಮ ಕಿರುಚುವುದಿಲ್ಲ. ನಮ್ಮಪ್ಪ ಬದುಕಿದ್ದಾಗ ಕಬ್ಬಿನ ಗಾಡಿ ಹೊಡೆಯುತ್ತಿದ್ದರು. ಫ್ಯಾಕ್ಟರಿಗೆ ಹೋಗುವ ದಾರಿಯುದ್ದಕ್ಕೂ ಗಾಡಿಯ ಹಿಂದೆ ಗಾಡಿ. ಅಲ್ಲಿ ಒಬ್ಬ ಕಿರುಚಿದರೆ ಹತ್ತು ಜೋಡಿ ಎತ್ತು ಬೆದರುತ್ತವೆ ಅಂತ ಅಪ್ಪ ಬಾಯಿ ಬಿಡುತ್ತಿರಲಿಲ್ಲ. ಅವರ ಪಕ್ಕ ಕೂತು ಕಲಿತ ತಮ್ಮನಿಗೂ ಹಗ್ಗವೇ ಮಾತು. ಹಗ್ಗವನ್ನು ಒಂದಿಷ್ಟು ಬಿಗಿ ಮಾಡಿದರೆ ಒಂದು ಅರ್ಥ, ಸಡಿಲ ಬಿಟ್ಟರೆ ಒಂದು ಅರ್ಥ. ಓಟದಲ್ಲಿ ಅವನ ಮುಖ ನೋಡಿದರೆ ಬ್ಯಾಂಕಿನ ಸಾಲಿನಲ್ಲಿ ನಿಂತವನ ಹಾಗಿರುತ್ತದೆ. ಬಾವುಟ ದಾಟಿದ ಮೇಲೂ ಅದೇ ಮುಖ. ಎರಡು ಕೈ ಮೇಲೆತ್ತುವುದಿಲ್ಲ, ಮಣ್ಣು ತೆಗೆದು ಹಣೆಗೆ ಒತ್ತಿಕೊಳ್ಳುವುದಿಲ್ಲ. ಎತ್ತುಗಳನ್ನು ಸೀದಾ ನೆರಳಿಗೆ ಹೊಡೆದುಕೊಂಡು ಹೋಗಿ ನೊಗ ಕಳಚಿ ಮೈ ಒರೆಸುತ್ತಾನೆ. ಹಾರ ಹಿಡಿದುಕೊಂಡವರು ಅವನ ಹಿಂದೆ ಓಡಬೇಕು.

ಮೊದಮೊದಲು ಅವನು ಗೆದ್ದಾಗ ಜನ ಶಿಳ್ಳೆ ಹಾಕಿದರು. ದೊಡ್ಡ ಊರುಗಳ ಹೆಸರುವಾಸಿ ಜೋಡಿಗಳನ್ನು ಒಬ್ಬ ಬಡಕಲು ಹುಡುಗ ಸೋಲಿಸಿದ ಅಂತ ಹೆಗಲ ಮೇಲೆ ಹೊತ್ತು ಕುಣಿದರು. ಮರುವರ್ಷ ಶಿಳ್ಳೆ ಇತ್ತು, ಹೆಗಲು ಇರಲಿಲ್ಲ. ಆಮೇಲೆ ಶಿಳ್ಳೆಯೂ ತೆಳ್ಳಗಾಯಿತು. ಊಳು ನಾನು ಮೊದಲು ಕೇಳಿದ್ದು ಮಂಡ್ಯದ ಹತ್ತಿರದ ಒಂದು ಬಯಲಿನಲ್ಲಿ. ನನ್ನ ಗಂಡ ಶಿವನಸಮುದ್ರದ ಪವರ್ ಹೌಸಿನಲ್ಲಿ ಕೆಲಸ ಮಾಡುವವರು, ಓಟದ ಹುಚ್ಚು ಅವರಿಗೆ. ನಾವಿಬ್ಬರೂ ಬೈಕಿನಲ್ಲಿ ಹೋಗಿದ್ದೆವು. ತಮ್ಮನ ಗಾಡಿ ಟ್ರ್ಯಾಕಿಗೆ ಬಂದ ಕೂಡಲೇ ಎಡಗಡೆಯಿಂದ ಯಾರೋ ಬಾಯಿಗೆ ಅಂಗೈ ಬಡಿದುಕೊಂಡು ‘ಊಊಊ’ ಅಂತ ಶುರು ಮಾಡಿದರು. ಅದು ಒಬ್ಬರಿಂದೊಬ್ಬರಿಗೆ ಹತ್ತಿಕೊಂಡು ಇಡೀ ಬಯಲೇ ಊಳಿಟ್ಟಿತು. ನನಗೆ ಎದ್ದು ಹೋಗಿ ಮೈಕು ಕಿತ್ತುಕೊಂಡು ಬುದ್ಧಿ ಹೇಳಬೇಕು ಅನ್ನಿಸಿತು. ‘ಕೂತ್ಕೊ, ಇದು ನಿನ್ನ ಕ್ಲಾಸಲ್ಲ’ ಅಂದರು ನನ್ನ ಗಂಡ.

ಅವನು ಗೆದ್ದ. ಊಳು ಹೆಚ್ಚಾಯಿತು.

ಅದೇ ಬಯಲಿನಲ್ಲಿ ಮಳವಳ್ಳಿ ಕಡೆಯ ಇನ್ನೊಬ್ಬನಿದ್ದ. ಅವನು ಪ್ರತಿ ವರ್ಷವೂ ಗಾಡಿಯಿಂದ ಬೀಳುತ್ತಾನೆ. ಬಿದ್ದು, ಎದ್ದು, ಹರಿದ ಪಂಚೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಜನಕ್ಕೆ ಮುಗಿಯುತ್ತಾನೆ. ಅವನಿಗೆ ಬೀಳುವ ಶಿಳ್ಳೆ ಕೇಳಿದರೆ ಗೆದ್ದವನು ಅವನೇ ಅಂದುಕೊಳ್ಳಬೇಕು. ನನಗೆ ಅವನ ಮೇಲೆ ಎಂಥ ಹೊಟ್ಟೆಕಿಚ್ಚು ಬಂತೆಂದರೆ, ಅವತ್ತು ಅವನು ಇನ್ನೊಂದು ಸಲ ಬಿದ್ದರೂ ಚೆನ್ನಾಗಿರುತ್ತದೆ ಅಂದುಕೊಂಡೆ.

ಕಾರಣಗಳನ್ನು ನಾನು ಬಹಳ ಹುಡುಕಿದೆ. ಸೊಕ್ಕಿನವನು ಅಂತ ಕಾಣುತ್ತಾನೆ, ಅದೊಂದು. ನಗುವುದಿಲ್ಲ. ಒಬ್ಬನೇ ಗೆಲ್ಲುತ್ತಿದ್ದರೆ ನೋಡುವವರಿಗೆ ರುಚಿ ಕೆಡುತ್ತದೆ, ಅದೂ ನಿಜ. ಹೊಟ್ಟೆಕಿಚ್ಚು ಅಂತ ನನ್ನ ಗಂಡ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದರು. ನನಗೆ ಅದು ಸಾಲುತ್ತಿರಲಿಲ್ಲ. ಕ್ಲಾಸಿನಲ್ಲಿ ಒಬ್ಬಳು ಹುಡುಗಿ, ‘ಮಿಸ್, ನಿಮ್ಮ ತಮ್ಮ ಬಂದ್ರೆ ನಮ್ಮಪ್ಪ ಊಟ ಬಿಟ್ಟು ಊಳಿಡೋಕೆ ಹೋಗ್ತಾರೆ’ ಅಂದಳು. ಹೇಳುವಾಗ ಅವಳ ಮುಖದಲ್ಲಿ ಹಬ್ಬದ ಕಳೆಯಿತ್ತು, ದ್ವೇಷ ಇರಲಿಲ್ಲ.

ತಮ್ಮನನ್ನೇ ಕೇಳಿದೆ.

‘ಕೂಗ್ಲಿ ಬುಡಕ್ಕ. ಎತ್ಗೂ ಅದು ತಲೆಗೋಗಕಿಲ್ಲ, ನಂಗೂ ಓಗಕಿಲ್ಲ’ ಅಂದ.

ನಾನು ನಂಬಿದೆ. ನಂಬಿಕೊಂಡಿರುವುದು ಸುಲಭವಾಗಿತ್ತು. ಆದರೆ ಒಂದು ವಿಷಯ ನನ್ನ ಗಮನಕ್ಕೆ ಬರಬೇಕಾಗಿತ್ತು. ನಮ್ಮ ಅವ್ವನನ್ನು ಅವನು ಒಂದು ಓಟಕ್ಕೂ ಕರೆದುಕೊಂಡು ಹೋಗಿರಲಿಲ್ಲ. ಎತ್ತುಗಳನ್ನು ಎಳೆಗರುಗಳಾಗಿ ತಂದಾಗಿನಿಂದ ಸಾಕಿದವಳು ಅವಳು. ಹುರುಳಿ ಬೇಯಿಸಿ ಆರಿಸಿ ಅಂಗೈಯಲ್ಲಿಟ್ಟು ತಿನ್ನಿಸುತ್ತಾಳೆ. ಕೊಟ್ಟಿಗೆಯಲ್ಲಿ ಅವಳ ದನಿ ಕೇಳಿದರೆ ಎರಡೂ ಎದ್ದು ನಿಲ್ಲುತ್ತವೆ. ಅಂಥವಳನ್ನು, ಬಿಸಿಲು ಅಂತ, ಧೂಳು ಅಂತ, ಹೆಂಗಸರು ಕೂರಲು ಜಾಗವಿಲ್ಲ ಅಂತ ಮನೆಯಲ್ಲೇ ಬಿಡುತ್ತಿದ್ದ. ಸಂಜೆ ಬಂದು, ‘ಜನ ಕೂಗಿದ್ದೇ ಕೂಗಿದ್ದು ಕಣವ್ವ’ ಅನ್ನುತ್ತಿದ್ದ. ಅವ್ವ ಅದನ್ನು ಕೇರಿಯೆಲ್ಲ ಹೇಳಿಕೊಂಡು ಬರುತ್ತಿದ್ದಳು. ತನ್ನ ಮಗನನ್ನು ಕಂಡರೆ ಜನ ಮುಗಿಬೀಳುತ್ತಾರೆ ಅಂತಲೇ ಅವಳು ತಿಳಿದಿದ್ದಳು.

ಹೀಗಿರುವಾಗ ಹನಕೆರೆಯಲ್ಲಿ ಓಟ ಇಟ್ಟರು. ಹನಕೆರೆ ಅವ್ವನ ತವರು. ಅವಳ ಅಣ್ಣನ, ಅಂದರೆ ನಮ್ಮ ಸೋದರಮಾವನ ಮನೆಯಿಂದಲೇ ಒಂದು ಜೋಡಿ ಕಟ್ಟಿದ್ದರು. ಮಾವನೇ ಫೋನು ಮಾಡಿ ಕರೆದ ಮೇಲೆ ಅವ್ವನನ್ನು ಹಿಡಿಯುವವರು ಯಾರು? ಸೀರೆ ತೆಗೆದಿಟ್ಟುಕೊಂಡಳು. ಅದೇ ಸಂಜೆ ತಮ್ಮ ನನಗೆ ಫೋನು ಮಾಡಿದ.

‘ಅವ್ವನ್ನ ಕರ್ಕಬರಬ್ಯಾಡ ಕಣಕ್ಕ.’

‘ಅವಳ ತವರು. ನಾನು ಬೇಡ ಅಂದ್ರೆ ಕೇಳ್ತಾಳಾ?’

‘ಮಂಡಿನೋವು ಅನ್ನು. ಏನಾರ ಅನ್ನು. ಅವ್ಳು ಅದ್ನ ಕೇಳಬಾರ್ದು ಕಣಕ್ಕ.’

ಆಗ ನನಗೆ ಗೊತ್ತಾಯಿತು. ತಲೆಗೆ ಹೋಗುವುದಿಲ್ಲ ಅಂದಿದ್ದೆಲ್ಲ ಸುಳ್ಳು. ಪ್ರತಿ ಊಳೂ ಅವನ ತಲೆಗೆ ಹೋಗಿತ್ತು. ಅವ್ವನ ಕಿವಿಯೊಂದಕ್ಕೆ ಅದು ಬೀಳದಿದ್ದರೆ ಸಾಕು ಅಂತ ಅವನು ಇಷ್ಟು ವರ್ಷ ಕಾದುಕೊಂಡಿದ್ದ. ಫೋನು ಇಟ್ಟ ಮೇಲೆ ನನಗೆ ಅಳು ಬಂತು, ಜೊತೆಗೆ ಅವನ ಮೇಲೆ ಸಿಟ್ಟೂ ಬಂತು.

ಮಂಡಿನೋವಿನ ಮಾತು ನಡೆಯಲಿಲ್ಲ. ಮದ್ದೂರಿನಲ್ಲಿ ಪ್ಯಾಸೆಂಜರ್ ರೈಲು ಹತ್ತುವಾಗ ಅವ್ವ ನನಗಿಂತ ಮುಂದೆ ಇದ್ದಳು. ಹನಕೆರೆ ಸ್ಟೇಷನ್ನಿನಲ್ಲಿ ಇಳಿದು ಬಯಲಿಗೆ ಹೋದರೆ ಮಾವನ ಮನೆಯ ಟ್ರ್ಯಾಕ್ಟರ್ ಟ್ರೇಲರನ್ನು ಬಾವುಟದ ಹತ್ತಿರವೇ ಬೇಲಿಗೆ ಒತ್ತಿ ನಿಲ್ಲಿಸಿದ್ದರು. ಅದರ ತುಂಬ ಹೆಂಗಸರು, ಅವ್ವನ ಅತ್ತಿಗೆ, ಸೊಸೆಯರು. ಚಾಪೆ ಹಾಸಿ ಅವ್ವನನ್ನು ಮುಂದಕ್ಕೆ ಕೂರಿಸಿದರು. ನಾನು ಮನಸ್ಸಿನಲ್ಲೇ, ಇವತ್ತೊಂದು ದಿನ ಇವರೆಲ್ಲರ ಗಂಟಲು ಕಟ್ಟಿಹೋಗಲಿ ದೇವರೇ ಅಂತ ಬೇಡಿಕೊಂಡೆ. ವಿಜ್ಞಾನದ ಮೇಡಮ್ಮು ಬೇಡಿಕೊಂಡರೆ ದೇವರು ನಂಬುವುದಿಲ್ಲವೇನೋ. ತಮ್ಮನ ಗಾಡಿ ಮೊದಲ ಸುತ್ತಿಗೆ ಬಂದ ಕೂಡಲೇ ಬಯಲು ಊಳಿಟ್ಟಿತು.

ಅವ್ವ ಹುಬ್ಬಿನ ಮೇಲೆ ಕೈಯಿಟ್ಟು ನೋಡಿದಳು. ‘ಅದೇನವ್ವ ಅಂಗೆ ಕೂಗ್ತರೆ?’

‘ಜೋರಾಗಿ ಓಡ್ಸು ಅಂತ.’

‘ನಿಂತವ್ನೆ, ಇನ್ನೂ ಓಡ್ಸೇ ಇಲ್ವಲ್ಲ.’

ಅವನು ಗೆದ್ದ. ಊಳು ಇನ್ನೂ ಜೋರಾಯಿತು. ಟ್ರೇಲರಿನ ಪಕ್ಕ ನಿಂತಿದ್ದವನೊಬ್ಬ, ‘ಸಾಕು ಓಗ್ಲಾ ಮನೇಗೆ’ ಅಂದ. ಅವ್ವ ಅವನ ಕಡೆ ತಿರುಗಿ ನೋಡಿದಳು, ಆಮೇಲೆ ನನ್ನ ಕಡೆ. ಎಲೆಅಡಿಕೆ ಸಂಚಿ ಬಿಚ್ಚಿದಳು, ಹಾಕಿಕೊಳ್ಳದೆ ಮತ್ತೆ ಕಟ್ಟಿದಳು. ಮುಂದಿನ ಸುತ್ತುಗಳಲ್ಲಿಯೂ ಅವನು ಬಂದಾಗಲೆಲ್ಲ ಅವಳು ಮಗನನ್ನು ನೋಡಲಿಲ್ಲ, ಕೂಗುವ ಜನರನ್ನೇ ಒಬ್ಬೊಬ್ಬರಾಗಿ ನೋಡಿದಳು. ನನಗೆ ಅವಳ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು. ಹಿಡಿದರೆ ಎಲ್ಲ ಒಪ್ಪಿಕೊಂಡ ಹಾಗಾಗುತ್ತದೆ ಅಂತ ಬಿಟ್ಟೆ.

ಕೊನೆಗೆ ಉಳಿದದ್ದು ಎರಡು ಜೋಡಿ. ಒಂದು ನನ್ನ ತಮ್ಮನದು. ಇನ್ನೊಂದು ಮಾವನ ಮನೆಯದು. ಮೈಕಿನವನು ‘ಒಂದು ಕಡೆ ಮಾವ, ಇನ್ನೊಂದು ಕಡೆ ಸೋದರಳಿಯ’ ಅಂತೆಲ್ಲ ಹೇಳಿ ಜನರನ್ನು ಇನ್ನಷ್ಟು ಕೆರಳಿಸಿದ. ಟ್ರೇಲರಿನ ಹೆಂಗಸರೆಲ್ಲ ಎದ್ದು ನಿಂತರು. ಅವ್ವನೂ ಎದ್ದಳು. ಆ ತುದಿಯಲ್ಲಿ ಓಟ ಬಿಟ್ಟರು. ಎರಡು ಗಾಡಿಯೂ ಧೂಳೆಬ್ಬಿಸಿಕೊಂಡು ಬಂದವು, ಅರ್ಧ ದಾರಿಗೆ ತಮ್ಮನದು ಒಂದು ಗಾಡಿಯಷ್ಟು ಮುಂದಿತ್ತು. ಬಯಲೆಲ್ಲ ಊಳು. ಆಗ ನನ್ನ ಪಕ್ಕದಲ್ಲೇ, ನನ್ನ ಕಿವಿಗೆ ಬಡಿದ ಹಾಗೆ, ಇನ್ನೊಂದು ಊಳು ಎದ್ದಿತು. ತಿರುಗಿ ನೋಡಿದೆ. ಅವ್ವ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಯಿಗೆ ಅಂಗೈ ಬಡಿದುಕೊಂಡು ಊಳಿಡುತ್ತಿದ್ದಳು. ನಡುನಡುವೆ, ‘ಬುಡಬ್ಯಾಡ, ನಮ್ಮೂರ ಎತ್ತು, ಬುಡಬ್ಯಾಡ’ ಅಂತ ಕೂಗುತ್ತಿದ್ದಳು.

ಗಾಡಿ ನಮ್ಮ ಹತ್ತಿರಕ್ಕೆ ಬಂದಿತ್ತು. ತಮ್ಮ ತಲೆ ತಿರುಗಿಸಿದ. ಓಟದಲ್ಲಿ ಅವನು ತಲೆ ತಿರುಗಿಸಿದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ಬಾವುಟ ಇನ್ನೇನು ಎದುರಿಗಿತ್ತು, ಎತ್ತುಗಳ ಓಟ ಸಡಿಲವಾಯಿತು, ನಡಿಗೆಯಾಯಿತು, ಗಾಡಿ ಬೇಲಿಯ ಕಡೆಗೆ ಸರಿಯಿತು. ಮಾವನ ಮನೆಯ ಜೋಡಿ ಪಕ್ಕದಲ್ಲೇ ಹಾದುಹೋಗಿ ಬಾವುಟ ದಾಟಿತು. ತಮ್ಮನ ಎತ್ತುಗಳು ಬೇಲಿಗೆ ಮೂತಿ ಹಾಕಿ, ಏದುಸಿರು ಬಿಡುತ್ತ, ಅವ್ವನ ಕೈಯಲ್ಲಿ ಹುರುಳಿ ಇದೆಯೇ ಅಂತ ಮೂಸಿದವು.

ಒಂದು ಗಳಿಗೆ ಯಾರಿಗೂ ಏನಾಯಿತು ಅಂತ ಗೊತ್ತಾಗಲಿಲ್ಲ. ಆಮೇಲೆ ಮೈಕಿನವನೇ ನಗುತ್ತ, ‘ಅವ್ವನ ದನಿ ಕೇಳಿ ಎತ್ತು ನಿಂತ್ಕಂಡ್ವು ಕಣ್ರಪ್ಪೋ’ ಅಂದ. ಆಗ ಎದ್ದ ಶಿಳ್ಳೆಯನ್ನು ನಾನು ಹೇಗೆ ಹೇಳಲಿ. ಊಳಿಟ್ಟವರೇ ಬೇಲಿ ಹಾರಿ ಬಂದರು. ‘ಸಾಕು ಓಗ್ಲಾ’ ಅಂದಿದ್ದವನೇ ಮೊದಲು ಬಂದು ನನ್ನ ತಮ್ಮನನ್ನು ಹೆಗಲ ಮೇಲೆ ಎತ್ತಿಕೊಂಡ. ಮಾವನ ಜೋಡಿಗೆ ಬಿದ್ದ ಹಾರಗಳಲ್ಲಿ ಒಂದು ಇವನ ಕೊರಳಿಗೂ ಬಂತು. ಹೆಗಲ ಮೇಲೆ ಕೂತ ತಮ್ಮ ಏನು ಮಾಡಬೇಕೋ ತಿಳಿಯದೆ ಹಾರವನ್ನು ಹಿಡಿದುಕೊಂಡು ಸುತ್ತ ನೋಡುತ್ತಿದ್ದ. ಸೋತದ್ದಕ್ಕೆ ಇಷ್ಟು ಪ್ರೀತಿಯೇ ಅಂತ ನನಗೆ ಸಂತೋಷದ ಜೊತೆ ಒಂದು ಥರದ ಅವಮಾನವೂ ಆಯಿತು. ಇಷ್ಟು ವರ್ಷ ಅವನು ಪಟ್ಟ ಪಾಡಿಗೆ ಸಿಗದೆ ಇದ್ದದ್ದು ಒಂದು ಎಡವಟ್ಟಿಗೆ ಸಿಕ್ಕಿತಲ್ಲ.

ಊಟ ಮಾವನ ಮನೆಯಲ್ಲಿ. ಎಲ್ಲರೂ ಅದನ್ನೇ ಹೇಳಿ ಹೇಳಿ ನಗುತ್ತಿದ್ದರು. ತಮ್ಮನೂ, ‘ನನ್ದೇನು ತಪ್ಪಿಲ್ಲ, ಅವ್ವನ ದನಿ ಕೇಳಿ ಎತ್ತು ನಿಂತ್ಕಂಡ್ವು’ ಅಂತ ನಾಲ್ಕು ಜನಕ್ಕೆ ಹೇಳಿದ. ನನಗೆ ಮಾತ್ರ ನಗು ಬರಲಿಲ್ಲ. ಅವ್ವ ಹಿತ್ತಲಿನಲ್ಲಿ ಕೈ ತೊಳೆಯುವಾಗ ಹಿಂದೆ ಹೋಗಿ ನಿಂತೆ.

‘ಹೆತ್ತ ಮಗನಿಗೆ ಊಳಿಡ್ತೀಯಲ್ಲ, ನಿನಗೆ ಹೇಗೆ ಮನಸ್ಸು ಬಂತು?’

‘ತವರಿನ ಎತ್ತು ಓಡ್ತಾ ಇದ್ರೆ ಬಾಯಿ ಮುಚ್ಕಂಡು ನಿಂತ್ಕಳಕ್ಕಾಯ್ತದಾ? ಯಾವ ಹೆಣ್ಮಗಳು ನಿಂತ್ಕಂಡವ್ಳೆ ಯೇಳು.’

ಅದು ನಿಜ. ನಮ್ಮ ಕಡೆ ಹೆಣ್ಣುಮಕ್ಕಳು ಗಂಡನ ಮನೆಯಲ್ಲಿ ಮೊಮ್ಮಕ್ಕಳನ್ನು ಕಂಡ ಮೇಲೂ ತವರಿನ ಎತ್ತು ಬಂದರೆ ತವರಿನ ಕಡೆಗೇ ಕೂಗುತ್ತಾರೆ. ಗಂಡನೂ ಏನೂ ಅನ್ನುವಂತಿಲ್ಲ. ಅದೊಂದು ಹಕ್ಕಿನ ಹಾಗೆ.

‘ಆದ್ರೆ ಅವನು ನಿನ್ನ ಮಗ ಅವ್ವ.’

‘ಮಗನ್ಗೇನು, ಅವ್ನು ಗೆದ್ದೇ ಗೆಲ್ತಾನೆ. ಗೆಲ್ಲೋನ್ಗೆ ನಾನ್ಯಾಕೆ ಕೂಗ್ಲಿ? ನಮ್ಮಣ್ಣನ ಎತ್ಗೆ ಯಾರವ್ರೆ?’ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ‘ಬೆಳಗಿಂದ ನೋಡ್ದೆ ಕಣವ್ವ. ಕೂಗೋರೆಲ್ಲ ಅವರವರ ಊರ ಎತ್ತು ಸೋಲ್ತದೆ ಅಂತ ಹೊಟ್ಟೆ ಉರಕೊಂಡು ಕೂಗ್ತಿದ್ರು. ನಿನ್ ತಮ್ಮನ ಮೇಲೆ ಏನಿಲ್ಲ. ಅವ್ನು ಯಾಕೆ ನಂಗೆ ಯೇಳ್ಲಿಲ್ಲ?’

ನಾನು ವರ್ಷಗಟ್ಟಲೆ ಹುಡುಕಿದ ಕಾರಣ ಅವಳಿಗೆ ಒಂದು ದಿನದಲ್ಲಿ ಸಿಕ್ಕಿತ್ತು. ನಾನು ನೋಡುತ್ತಿದ್ದದ್ದು ತಮ್ಮನನ್ನು. ಅವಳು ನೋಡಿದ್ದು ಕೂಗುವವರನ್ನು. ಒಂದು ಊರು ವರ್ಷವೆಲ್ಲ ಒಂದು ಜೋಡಿಯನ್ನು ಸಾಕಿ, ಅದರ ಬಗ್ಗೆ ಮಾತಾಡಿ, ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬರುತ್ತದೆ. ಎದುರಿಗೆ ನನ್ನ ತಮ್ಮ ನಿಂತ ಅಂದರೆ ಅದೆಲ್ಲ ಎರಡು ಕ್ಷಣದಲ್ಲಿ ಮುಗಿಯುತ್ತದೆ ಅಂತ ಗೊತ್ತು. ಕೈಯಲ್ಲಿ ಏನೂ ಆಗದವರಿಗೆ ಬಾಯಿ ಒಂದಿರುತ್ತದೆ. ಹಾಗಂತ ಅವನಿಗೆ ನೋವಾಗಲಿಲ್ಲ ಅಂತ ನಾನು ಹೇಳುವುದಿಲ್ಲ. ನೋವಾಗಿತ್ತು. ಎರಡೂ ನಿಜ.

ಎತ್ತಿನ ಬಗ್ಗೆ ಒಂದು ಮಾತು ಉಳಿಯಿತು. ಅವ್ವನ ದನಿ ಕೇಳಿ ಎತ್ತು ನಿಂತವು ಅಂತ ಈಗ ಎಲ್ಲ ಕಡೆ ಹೇಳುತ್ತಾರೆ. ನಾನು ಟ್ರೇಲರಿನ ಮೇಲಿಂದ ನೋಡಿದ್ದು ಬೇರೆ. ಮೊದಲು ತಮ್ಮ ತಲೆ ತಿರುಗಿಸಿದ. ಆಮೇಲೆ ಅವನ ಕೈಯಲ್ಲಿದ್ದ ಹಗ್ಗ ಜೋತುಬಿತ್ತು. ಎತ್ತುಗಳು ಮೂತಿ ತಿರುಗಿಸಿದ್ದು ಅದಾದ ಮೇಲೆ. ಅಷ್ಟು ವರ್ಷ ಯಾರ ಕಿವಿಗೆ ಬೀಳಬಾರದು ಅಂತ ಕಾದಿದ್ದನೋ ಅವಳೇ ಊಳಿಡುತ್ತಿರುವುದನ್ನು ಕಂಡು ಅವನ ಕೈ ಸೋತುಹೋಯಿತು. ನಾನು ಇದನ್ನು ಯಾರಿಗೂ ಹೇಳಲಿಲ್ಲ, ಅವನಿಗೂ ಹೇಳಲಿಲ್ಲ. ಎತ್ತುಗಳ ಮೇಲೆ ಹಾಕಿಕೊಂಡು ಅವನಿಗೆ ಸಮಾಧಾನವಾಗುವುದಾದರೆ ಎತ್ತುಗಳಿಗೇನು ನಷ್ಟ?

ಮುಂದಿನ ಓಟ ನನ್ನ ಗಂಡನ ಊರು ಮಳವಳ್ಳಿಯಲ್ಲಿ. ಈ ಸಲ ತಮ್ಮನೇ ಅವ್ವನನ್ನು ಎತ್ತುಗಳ ಟೆಂಪೋದಲ್ಲಿ ಮುಂದೆ ಕೂರಿಸಿಕೊಂಡು ಬಂದ. ಅವನು ಟ್ರ್ಯಾಕಿಗೆ ಬಂದಾಗ ಶಿಳ್ಳೆ ಬಿತ್ತು. ಹನಕೆರೆಯ ಕಥೆ ಇಲ್ಲಿಗೂ ಬಂದಿತ್ತು. ಆ ಶಿಳ್ಳೆ ಎರಡು ಸುತ್ತು ಬಾಳಿಕೆ ಬಂತು. ಎರಡು ಜೋಡಿ ಸೋಲಿಸಿದ ಮೇಲೆ ಮತ್ತೆ ಅದೇ ಊಳು. ಸುತ್ತಲೂ ನನ್ನ ಗಂಡನ ಕಡೆಯವರು, ನನ್ನ ಶಿಷ್ಯರ ಅಪ್ಪಂದಿರು. ನಾನು ಎದ್ದು ನಿಂತೆ. ನನಗೂ ತವರಿದೆ, ನನ್ನ ತವರಿನ ಎತ್ತು ಓಡುತ್ತಿದೆ. ಮೇಷ್ಟ್ರಮ್ಮ ಅನ್ನುವುದನ್ನೆಲ್ಲ ಬಿಟ್ಟು ತಮ್ಮನ ಪರವಾಗಿ ಗಂಟಲು ಹರಿಯುವ ಹಾಗೆ ಕೂಗಿದೆ. ಮರುದಿನ ಕ್ಲಾಸಿನಲ್ಲಿ ನನ್ನ ದನಿಯೇ ಹೊರಡಲಿಲ್ಲ.

ಅವ್ವ ಮಾತ್ರ ಕೂಗಲಿಲ್ಲ. ನನ್ನ ಪಕ್ಕದಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡು, ಅವನು ಬಾವುಟ ದಾಟುವ ತನಕ ಹಾಗೇ ಕೂತಿದ್ದಳು.

ಗೆದ್ದ ಮೇಲೆ ಅವನು ಎತ್ತುಗಳನ್ನು ನೆರಳಿಗೆ ಹೊಡೆದ. ನಾವಿಬ್ಬರೂ ಅಲ್ಲಿಗೆ ಹೋದೆವು. ಹಿಂದಿನಿಂದ ಊಳು ಇನ್ನೂ ಕೇಳುತ್ತಿತ್ತು. ಅವನು ನೊಗ ಕಳಚುತ್ತ, ಅವ್ವನ ಮುಖ ನೋಡದೆ, ‘ಎಲ್ರೂ ಕೂಗುದ್ರು. ನೀನ್ಯಾಕವ್ವ ಇವತ್ತು ಬಾಯೇ ಬುಡ್ಲಿಲ್ಲ?’ ಅಂದ.

‘ನಾನು ಕೂಗುದ್ರೆ ನಿನ್ ಕೈ ಬಿದ್ದೋಯ್ತದಲ್ಲ ಮಗ’ ಅಂದಳು ಅವ್ವ.

ತಮ್ಮ ಮಡಚಿದ ಗೋಣಿಚೀಲ ತೆಗೆದುಕೊಂಡು ಎತ್ತಿನ ಮೈ ಒರೆಸತೊಡಗಿದ. ಅವ್ವ ಮಡಿಲಿನಿಂದ ಹುರುಳಿ ತೆಗೆದಳು.